ಸಿಂತ್‌ನಲ್ಲಿ ಪಿಯಾನೊ ಸದ್ದು ಕಟ್ಟುವುದು: ಕಲಿಯುವವರಿಗೆ ಟಿಪ್ಪಣಿ

ಸಾಫ್ಟ್‌ವೇರ್ ಸಿಂತ್‌ನಲ್ಲಿ (ಕಂಪ್ಯೂಟರ್‌ನಲ್ಲೇ ವಾದ್ಯದ ಸದ್ದು ಹುಟ್ಟಿಸುವ ಪ್ರೋಗ್ರಾಂ) ಪಿಯಾನೊ ಮಾಡಲು ಕೂತವರು ಮೊದಲು ಹುಡುಕುವುದು ವೇವ್‌ಫಾರ್ಮ್, ಅಂದರೆ ಸದ್ದಿನ ಅಲೆಯ ಆಕಾರ. ಗರಗಸದ ಹಲ್ಲಿನಂಥ ಸಾ-ಟೂತ್ ಇಡೋದಾ, ಆಯತಾಕಾರದ ಪಲ್ಸ್ ಇಡೋದಾ ಅಂತ. ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಯಾವ ಕೀ ಒತ್ತಿದ್ದೀರಿ, ಎಷ್ಟು ಜೋರಾಗಿ ಒತ್ತಿದ್ದೀರಿ, ಒತ್ತಿ ಎಷ್ಟು ಹೊತ್ತಾಯಿತು, ಈ ಮೂರಕ್ಕೂ ತಕ್ಕಂತೆ ಸದ್ದು ಬದಲಾಗುತ್ತಿದ್ದರೆ ಕಿವಿ ಅದನ್ನು ಪಿಯಾನೊ ಅಂತ ಒಪ್ಪಿಕೊಳ್ಳುತ್ತದೆ. ಬದಲಾಗದಿದ್ದರೆ ಎಂಥ ಒಳ್ಳೆಯ ವೇವ್‌ಫಾರ್ಮ್ ಇಟ್ಟರೂ ಆರ್ಗನ್ ಥರ ಕೇಳುತ್ತದೆ.

ಮೊದಲು ಸದ್ದು ಇಳಿಯುವ ರೀತಿ ನೋಡೋಣ. ಪಿಯಾನೊಗೆ ಸಸ್ಟೇನ್ ಹಂತವೇ (ಸದ್ದು ಒಂದೇ ಮಟ್ಟದಲ್ಲಿ ನಿಲ್ಲುವುದು) ಇಲ್ಲ. ಕೀ ಹಿಡಿದೇ ಇದ್ದರೂ ಸದ್ದು ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಎನ್ವಲಪ್‌ನಲ್ಲಿ (ಸದ್ದು ಕಾಲಕ್ಕೆ ತಕ್ಕಂತೆ ಏರಿಳಿಯುವುದನ್ನು ಹೊಂದಿಸುವ ಭಾಗ) ಸಸ್ಟೇನ್ ಸೊನ್ನೆ, ಡಿಕೇ (ಸದ್ದು ಇಳಿಯಲು ಹಿಡಿಯುವ ಹೊತ್ತು) ಉದ್ದ. ಇಷ್ಟು ಎಲ್ಲರೂ ಮಾಡುತ್ತಾರೆ. ಆದರೆ ನಿಜವಾದ ಪಿಯಾನೊ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ಸಣ್ಣ ದನಿಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ. ಇದರ ಕಾರಣವನ್ನು 1977ರಲ್ಲಿ ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರೈಶ್ ವಿವರಿಸಿದರು. ಹೆಚ್ಚಿನ ಕೀಗಳಿಗೆ ಮೂರು ಮೂರು ತಂತಿ ಇರುತ್ತವೆ. ಕೀಗೆ ಜೋಡಿಸಿದ ಸಣ್ಣ ಸುತ್ತಿಗೆ, ಅಂದರೆ ಹ್ಯಾಮರ್ ಬಡಿದಾಗ ಮೂರೂ ಒಟ್ಟಿಗೆ ಮೇಲೆ ಕೆಳಗೆ ಆಡುತ್ತವೆ, ಸೌಂಡ್‌ಬೋರ್ಡ್‌ಗೆ (ಸದ್ದನ್ನು ಹೊರಗೆ ಬಿಡುವ ಮರದ ಹಲಗೆ) ಶಕ್ತಿ ಸುರಿಯುತ್ತವೆ. ಅದಕ್ಕೇ ಬೇಗ ಖಾಲಿಯಾಗುತ್ತದೆ. ಅವುಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುವುದರಿಂದ ಸ್ವಲ್ಪ ಹೊತ್ತಿಗೆ ಅವು ಒಂದಕ್ಕೊಂದು ಎದುರಾಗಿ ಆಡತೊಡಗುತ್ತವೆ. ಆಗ ಸೌಂಡ್‌ಬೋರ್ಡ್‌ಗೆ ಹೋಗುವ ಶಕ್ತಿ ಕಡಿಮೆಯಾಗಿ ಉಳಿದದ್ದು ನಿಧಾನಕ್ಕೆ ಕರಗುತ್ತದೆ. ತಂತಿ ಅಡ್ಡಡ್ಡ ಆಡುವುದೂ ಈ ಬಾಲಕ್ಕೆ ಸೇರುತ್ತದೆ.

ಸಿಂತ್‌ನಲ್ಲಿ ಇದಕ್ಕೆ ಎರಡು ಲೇಯರ್ (ಒಟ್ಟಿಗೆ ಕೇಳುವ ಸದ್ದಿನ ಪದರ) ಸಾಕು. ಮಧ್ಯದ ಸಿ ಕೀಗೆ ಒಂದು ಲೇಯರ್ ಜೋರಾಗಿ, ಡಿಕೇ ಸುಮಾರು 2 ಸೆಕೆಂಡ್. ಇನ್ನೊಂದು 15ರಿಂದ 20 ಡೆಸಿಬೆಲ್ ಕೆಳಗೆ, ಡಿಕೇ 10 ಸೆಕೆಂಡ್‌ಗಿಂತ ಹೆಚ್ಚು. ಇಲ್ಲಿಂದ ಶುರು ಮಾಡಿ ಕಿವಿಯಿಂದ ತಿದ್ದಿಕೊಳ್ಳಿ. ಎರಡರ ನಡುವೆ ಡಿಟ್ಯೂನ್ (ಶ್ರುತಿಯ ವ್ಯತ್ಯಾಸ) 1 ಅಥವಾ 2 ಸೆಂಟ್ ಮಾತ್ರ. ಅಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್, ಅದರ ನೂರನೇ ಒಂದು ಪಾಲು ಸೆಂಟ್. 10 ಸೆಂಟ್ ಕೊಟ್ಟರೆ ಶ್ರುತಿ ತಪ್ಪಿದ ಹಳೇ ಪಿಯಾನೊ ಆಗಿಬಿಡುತ್ತದೆ.

ಈಗ ನನಗೆ ಅತಿ ಇಷ್ಟವಾದ ಭಾಗ. ಸಾ-ಟೂತ್ ಅಲೆಯ ಹಾರ್ಮಾನಿಕ್‌ಗಳು (ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳು) ಮೂಲ ಸ್ವರದ ಕಂಪನದ 2, 3, 4 ಪಟ್ಟಿನಲ್ಲಿ ಕರಾರುವಾಕ್ಕಾಗಿ ಕೂರುತ್ತವೆ. ಪಿಯಾನೊ ತಂತಿ ಉಕ್ಕಿನದು, ಬಿಗಿ, ಸುಲಭಕ್ಕೆ ಬಾಗುವುದಿಲ್ಲ. ಹಾಗಾಗಿ ಮೇಲಿನ ಪಾರ್ಷಿಯಲ್‌ಗಳು (ಸದ್ದಿನೊಳಗಿನ ಬಿಡಿ ಸ್ವರಗಳು) ಇರಬೇಕಾದ ಜಾಗಕ್ಕಿಂತ ಮೇಲಕ್ಕೆ ಸರಿಯುತ್ತವೆ. ಲೆಕ್ಕ ಹೀಗೆ: ಪಾರ್ಷಿಯಲ್ ಸಂಖ್ಯೆಯ ವರ್ಗವನ್ನು ತಂತಿಯ ಬಿಗಿತದ ಗುಣಾಂಕದಿಂದ ಗುಣಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಅಷ್ಟು ಪಟ್ಟು ಅದು ಮೇಲೆ ಹೋಗುತ್ತದೆ. 220 ಹರ್ಟ್ಜ್ ಕೀ ತೆಗೆದುಕೊಂಡು ಗುಣಾಂಕ 0.0004 ಅಂತ ಇಟ್ಟುಕೊಳ್ಳಿ. 2ನೇ ಪಾರ್ಷಿಯಲ್ ಬರೀ 1.4 ಸೆಂಟ್ ಸರಿಯುತ್ತದೆ, ಕಿವಿಗೆ ಗೊತ್ತೂ ಆಗುವುದಿಲ್ಲ. 10ನೆಯದು 2200ರ ಬದಲು 2244 ಹರ್ಟ್ಜ್‌ನಲ್ಲಿ, ಅಂದರೆ 34 ಸೆಂಟ್ ಮೇಲೆ. 20ನೆಯದು 4400ರ ಬದಲು 4739ಕ್ಕೆ ಹೋಗುತ್ತದೆ. ಅದು ಒಂದು ಸೆಮಿಟೋನ್‌ಗಿಂತಲೂ ಜಾಸ್ತಿ! ಹಾರ್ವೆ ಫ್ಲೆಚರ್ ಮತ್ತು ಜೊತೆಗಾರರು 1962ರಲ್ಲೇ ತೋರಿಸಿದ ಹಾಗೆ, ಪಿಯಾನೊ ದನಿಯ ಬೆಚ್ಚನೆಯ ಗುಣಕ್ಕೆ ಈ ಸರಿದಾಟ ಒಂದು ಕಾರಣ.

ಬಿಡಿ ಪಾರ್ಷಿಯಲ್‌ಗಳನ್ನು ಕೂಡಿಸಿ ಸದ್ದು ಕಟ್ಟುವ ಅಡಿಟಿವ್ ಸಿಂತ್ ಇದ್ದರೆ ಈ ಸಂಖ್ಯೆಗಳನ್ನು ನೇರ ಹಾಕಬಹುದು. ಜೈನ್‌ಆಡ್‌ಸಬ್‌ಎಫ್‌ಎಕ್ಸ್ ಎಂಬ ಸಾಫ್ಟ್‌ವೇರ್ ಸಿಂತ್‌ನ ಪ್ಯಾಡ್‌ಸಿಂತ್ ಭಾಗದಲ್ಲಿ ಓವರ್‌ಟೋನ್‌ಗಳ (ಮೂಲಕ್ಕಿಂತ ಮೇಲಿನ ಪಾರ್ಷಿಯಲ್‌ಗಳು) ಜಾಗ ಸರಿಸುವ ಸೆಟ್ಟಿಂಗ್ ಇದೆ. ತುಂಬು ಸದ್ದಿನಿಂದ ಬೇಡದ್ದನ್ನು ಫಿಲ್ಟರ್‌ನಲ್ಲಿ ಸೋಸಿ ತೆಗೆಯುವ ಸಾದಾ ಸಬ್‌ಟ್ರ್ಯಾಕ್ಟಿವ್ ಸಿಂತ್‌ನ ಸಾ-ಟೂತ್‌ನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಫಿಲ್ಟರ್ ಎಷ್ಟು ತಿರುಗಿಸಿದರೂ ಏನೋ ಕಮ್ಮಿ ಅನಿಸುವುದು ಇದಕ್ಕೇ.

ಹ್ಯಾಮರ್ ತಂತಿಯ ಉದ್ದದ ಸುಮಾರು ಎಂಟನೇ ಒಂದು ಭಾಗದಲ್ಲಿ ಬಡಿಯುವುದರಿಂದ 8ನೇ ಪಾರ್ಷಿಯಲ್ ಸುತ್ತಮುತ್ತ ದುರ್ಬಲವಾಗಿರುತ್ತದೆ. ಅಲ್ಲಿ ಸ್ವಲ್ಪ ತಗ್ಗಿಸಿ.

ವೆಲಾಸಿಟಿಯನ್ನು (ಕೀ ಎಷ್ಟು ಜೋರಾಗಿ ಒತ್ತಿದ್ದೀರಿ ಎಂಬ ಅಳತೆ) ವಾಲ್ಯೂಮ್‌ಗೆ ಮಾತ್ರ ಜೋಡಿಸಿದರೆ ಸಾಲದು. ಹ್ಯಾಮರ್ ಮೇಲಿನ ಫೆಲ್ಟ್ (ಉಣ್ಣೆಯ ಹೊದಿಕೆ) ಮೆಲ್ಲಗೆ ತಾಗಿದಾಗ ಮೆತ್ತಗಿರುತ್ತದೆ, ಜೋರಾಗಿ ಬಡಿದಾಗ ಒತ್ತಿಕೊಂಡು ಗಟ್ಟಿಯಾಗುತ್ತದೆ. ಗಟ್ಟಿ ಹ್ಯಾಮರ್ ಮೇಲಿನ ಪಾರ್ಷಿಯಲ್‌ಗಳನ್ನು ಜಾಸ್ತಿ ಎಬ್ಬಿಸುತ್ತದೆ. ಹಾಗಾಗಿ ವೆಲಾಸಿಟಿಯನ್ನು ಫಿಲ್ಟರ್ ಕಟ್‌ಆಫ್‌ಗೂ (ಫಿಲ್ಟರ್ ಯಾವ ಎತ್ತರದಿಂದ ಮೇಲಿನದನ್ನು ತಡೆಯಬೇಕು ಎಂಬ ಗಡಿ) ಜೋಡಿಸಿ, ಸ್ವಲ್ಪ ಧಾರಾಳವಾಗಿಯೇ. ಆ ಫಿಲ್ಟರ್‌ಗೆ ಅದರದೇ ಎನ್ವಲಪ್ ಕೊಟ್ಟು, ವಾಲ್ಯೂಮ್‌ಗಿಂತ ಬೇಗ ಮುಚ್ಚಿಕೊಳ್ಳುವಂತೆ ಮಾಡಿ, ಯಾಕೆಂದರೆ ಮೇಲಿನ ಪಾರ್ಷಿಯಲ್‌ಗಳು ಮೊದಲು ಸಾಯುತ್ತವೆ. ಶುರುವಿನಲ್ಲಿ ಹತ್ತಾರು ಮಿಲಿಸೆಕೆಂಡ್‌ನಷ್ಟೇ ಮಂದ ನಾಯ್ಸ್ ಸೇರಿಸಿದರೆ ಮರಕ್ಕೆ ಬಡಿದ 'ಧಪ್' ಸಿಗುತ್ತದೆ. ಅದು ಕಿವಿಗೆ ಬೇರೆಯಾಗಿ ಕೇಳಿದರೆ ಜಾಸ್ತಿಯಾಯಿತು ಅಂತ ಲೆಕ್ಕ.

ಇದೆಲ್ಲವೂ 88 ಕೀಗಳಲ್ಲಿ ಒಂದೇ ರೀತಿ ಇರಬಾರದು. ಕೆಳಗಿನ ಕೀಗಳು ಹತ್ತಾರು ಸೆಕೆಂಡ್ ಮೊಳಗುತ್ತವೆ, ಮೇಲಿನವು ಟಿಂಗ್ ಅಂದು ಮುಗಿಯುತ್ತವೆ. ಡಿಕೇಗೆ ಕೀ ಟ್ರ್ಯಾಕಿಂಗ್ (ಕೀಯ ಜಾಗಕ್ಕೆ ತಕ್ಕಂತೆ ಸೆಟ್ಟಿಂಗ್ ಬದಲಾಗುವುದು) ಹಾಕಲೇಬೇಕು. ಅತಿ ಕೆಳಗಿನ ಎ ಕೀ 27.5 ಹರ್ಟ್ಜ್. ಅಷ್ಟು ಕಡಿಮೆ ಸದ್ದನ್ನು ಸೌಂಡ್‌ಬೋರ್ಡ್ ಸರಿಯಾಗಿ ಹೊರಗೆ ಬಿಡುವುದಿಲ್ಲ. ಮೇಲಿನ ಪಾರ್ಷಿಯಲ್‌ಗಳಿಂದ ಕಿವಿಯೇ ಶ್ರುತಿ ಊಹಿಸಿಕೊಳ್ಳುತ್ತದೆ. ಅಲ್ಲಿ ಸಬ್ ಆಸಿಲೇಟರ್ (ಇನ್ನೂ ತಗ್ಗಿನ ಸ್ವರ ಸೇರಿಸುವ ಭಾಗ) ಹಾಕಿದರೆ ಸಿಂತ್ ಬೇಸ್ ಆಗುತ್ತದೆ, ಅಷ್ಟೇ.

ರಿಲೀಸ್‌ಗೂ (ಕೀ ಬಿಟ್ಟ ಮೇಲೆ ಸದ್ದು ನಿಲ್ಲಲು ಹಿಡಿಯುವ ಹೊತ್ತು) ಇದೇ ಮಾತು. ಕೀ ಬಿಟ್ಟಾಗ ಡ್ಯಾಂಪರ್ ಎಂಬ ಮೆತ್ತನೆಯ ತಡೆ ತಂತಿಯನ್ನು ಹಿಡಿಯುತ್ತದೆ. ದಪ್ಪ ತಂತಿ ನಿಲ್ಲಲು ಒಂದಿಷ್ಟು ಹೊತ್ತು ಬೇಕು, ಮಧ್ಯದವು ಬೇಗ ನಿಲ್ಲುತ್ತವೆ. ಮೇಲಿನ ಸುಮಾರು 20 ಕೀಗಳಿಗೆ ಡ್ಯಾಂಪರೇ ಇಲ್ಲ, ಅಲ್ಲಿ ರಿಲೀಸನ್ನು ಡಿಕೇಯಷ್ಟೇ ಉದ್ದ ಇಡಿ.

ಪರೀಕ್ಷಿಸುವಾಗ ಹಾಡು ನುಡಿಸಬೇಡಿ. ಹಾಡು ಕುಂದುಗಳನ್ನು ಮುಚ್ಚಿಹಾಕುತ್ತದೆ. ಒಂದೇ ಕೀ ಒತ್ತಿ, ಸದ್ದು ಪೂರ್ತಿ ಸಾಯುವ ತನಕ ಕೇಳಿ. ಅದೇ ಕೀಯನ್ನು ವೆಲಾಸಿಟಿ 30, 70, 110ರಲ್ಲಿ ಕೇಳಿ. ಆಮೇಲೆ ಪ್ರತಿ ಆಕ್ಟೇವ್‌ನ ಸಿ ಒತ್ತುತ್ತಾ ಕೆಳಗಿನಿಂದ ಮೇಲೆ ಹೋಗಿ. ಎಲ್ಲಿ ಸದ್ದು ಬೇರೆ ವಾದ್ಯದ್ದು ಅನಿಸುತ್ತದೋ ಅಲ್ಲಿನ ಕೀ ಟ್ರ್ಯಾಕಿಂಗ್ ಮೊದಲು ನೋಡಿ.