ಮಂಡಿಯುದ್ದ ನೀರಿಗೆ ಮಕ್ಕಳನ್ನು ಇಳಿಸಬಹುದೇ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಪ್ರೌಢಶಾಲೆ. ಒಂಬತ್ತನೇ ತರಗತಿಯ 40 ಮಕ್ಕಳನ್ನು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಕರೆದುಕೊಂಡು ಹೋಗಿ, ಭೂಗೋಳ ಪಾಠಕ್ಕಾಗಿ ನೀರಿನ ವೇಗ, ಆಳ ಅಳೆಸಬೇಕೆಂದಿದ್ದೇವೆ. ಮಂಡಿಯುದ್ದ ನೀರಿರುವ ಕಡೆ ಇಳಿಸಿದರೆ ತೊಂದರೆ ಇಲ್ಲ ಅಲ್ಲವೇ?

ಉತ್ತರ: ಕಾವೇರಿಯ ಮುಖ್ಯ ಹೊಳೆಗೆ ಇಳಿಸಬೇಡಿ. ಮಂಡಿಯುದ್ದ ಎನ್ನುವುದು ಆಳವನ್ನಷ್ಟೇ ಹೇಳುತ್ತದೆ. ಮಗುವನ್ನು ಕೆಡವುವುದು ಆಳವೊಂದೇ ಅಲ್ಲ, ವೇಗ ಮತ್ತು ಕಾಲಡಿಯ ನೆಲ ಕೂಡ.

ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು ಎರಡನ್ನೂ ಗುಣಿಸಿ ನೋಡಬೇಕು. ಆಸ್ಟ್ರೇಲಿಯಾದ ಪ್ರವಾಹ ಮಾರ್ಗಸೂಚಿಯ ಪ್ರಕಾರ ಮಕ್ಕಳ ಮಟ್ಟಿಗೆ ಈ ಗುಣಲಬ್ಧ 0.4 ದಾಟಬಾರದು, ಆಳ ಅರ್ಧ ಮೀಟರ್ ಮೀರಬಾರದು. ಅದು ಕೊನೆಯ ಗೆರೆ. ಶಾಲೆಯ ಕೆಲಸಕ್ಕೆ ಅದರ ಅರ್ಧ, ಅಂದರೆ 0.2, ಸಾಕು.

ವೇಗ ತಿಳಿಯಲು ನೀರಿಗೆ ಇಳಿಯಬೇಕಾಗಿಲ್ಲ. ದಡದ ಉದ್ದಕ್ಕೂ 10 ಮೀಟರ್ ಅಳೆದು ಎರಡು ಕಡ್ಡಿ ನೆಡಿ, ಮೇಲಿನ ಕಡ್ಡಿಗೂ ಸ್ವಲ್ಪ ಮುಂಚೆಯೇ ಒಂದು ಕಿತ್ತಳೆ ಹಣ್ಣು ಎಸೆಯಿರಿ. ಹಣ್ಣು ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ಅಷ್ಟಾಗಿ ದೂಡುವುದಿಲ್ಲ. 10 ಸೆಕೆಂಡಿನಲ್ಲಿ ದಾಟಿತೆಂದರೆ ವೇಗ 1. ಅಲ್ಲಿ 40 ಸೆಂ.ಮೀ. ನೀರಿದ್ದರೂ ಗುಣಲಬ್ಧ 0.4, ಇಳಿಯುವ ಮಾತೇ ಇಲ್ಲ. 25 ಸೆಕೆಂಡ್ ಹಿಡಿದರೆ ಅದೇ ಆಳಕ್ಕೆ 0.16. ಮೂರು ಸಲ ಅಳೆಯಿರಿ. ಪಾಠದ ಲೆಕ್ಕಕ್ಕೆ ಸರಾಸರಿ ತೆಗೆದು 0.85ರಿಂದ ಗುಣಿಸಿ (ಮೇಲ್ಮೈ ನೀರು ಒಳಗಿನದಕ್ಕಿಂತ ಜೋರು). ಸುರಕ್ಷತೆಯ ಲೆಕ್ಕಕ್ಕೆ ಮೂರರಲ್ಲಿ ಅತಿ ಜೋರಾದದ್ದನ್ನೇ ಹಿಡಿಯಿರಿ.

ಆದರೆ ಈ ಲೆಕ್ಕ ಅಳೆದ ಗಳಿಗೆಗೆ ಮಾತ್ರ ಸಲ್ಲುತ್ತದೆ. ಶ್ರೀರಂಗಪಟ್ಟಣದ ನೀರಿನ ಮಟ್ಟವನ್ನು ತೀರ್ಮಾನಿಸುವುದು ಅಲ್ಲಿನ ಮಳೆಯಲ್ಲ, ಕನ್ನಂಬಾಡಿ ಕಟ್ಟೆಯ ಗೇಟು. ಕೊಡಗಿನಲ್ಲಿ ಮಳೆ ಸುರಿದು ಕಟ್ಟೆ ಪೂರ್ತಿ ತುಂಬುವ ಮಟ್ಟವಾದ 124.80 ಅಡಿಯ ಹತ್ತಿರ ಬಂದಿದ್ದರೆ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆ ಏರಬಹುದು. ಬೇಸಿಗೆಯಲ್ಲೂ ತಮಿಳುನಾಡಿಗೆಂದು ನೀರು ಬಿಡುವುದುಂಟು. ಪತ್ರಿಕೆಯಲ್ಲಿ ಬರುವ ಹೊರಹರಿವಿನ ಅಂಕಿ ನಿನ್ನೆಯದು. ಹೊರಡುವ ದಿನ ಬೆಳಿಗ್ಗೆ ನೀರಾವರಿ ನಿಗಮದ ಕಚೇರಿಗೆ ಫೋನ್ ಮಾಡಿ ಅವತ್ತಿನದನ್ನು ಕೇಳಿ. 1 ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ, ಅದೂ ಪಾಠವೇ.

ಸ್ಥಳಕ್ಕೆ ಹೋದ ಕೂಡಲೇ ನೀರಂಚಿನಲ್ಲಿ ಒಂದು ಗೂಟ ನೆಟ್ಟು, ನೀರು ಮುಟ್ಟಿದ ಕಡೆ ಗುರುತು ಹಾಕಿ, ಹತ್ತು ನಿಮಿಷಕ್ಕೊಮ್ಮೆ ನೋಡಲು ಒಬ್ಬ ಶಿಕ್ಷಕರನ್ನು ನಿಲ್ಲಿಸಿ. ಎರಡು ಬೆರಳಿನಷ್ಟು ಏರಿದರೆ, ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಸಕಡ್ಡಿ, ನೊರೆ ತೇಲಿಬಂದರೆ ಎಲ್ಲರೂ ಮೇಲಕ್ಕೆ. ಆಮೇಲೆ ಚರ್ಚೆ.

ನೆಲದ ವಿಚಾರಕ್ಕೆ ಬರೋಣ. ಬಂಡೆಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಒತ್ತಿಹಿಡಿಯುತ್ತದೆ. ಮಂಡಿಯುದ್ದದಲ್ಲೇ ಮುಳುಗಿ ಸಾಯುವುದು ಹೀಗೆ. ಸಂಗಮ, ಪಶ್ಚಿಮವಾಹಿನಿಯಂಥ ಕಡೆ ಕರ್ಮಾಂತರಕ್ಕೆ ಬಂದವರು ಬಿಟ್ಟ ಬಟ್ಟೆಗಳೂ ಕಾಲಿಗೆ ಸುತ್ತಿಕೊಳ್ಳುತ್ತವೆ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ; ಒಂದು ಹೆಜ್ಜೆ ಮಂಡಿಯುದ್ದ, ಮುಂದಿನದು ಆಳುದ್ದ. ಬಲಮುರಿಯನ್ನು ಜಲಪಾತ ಎಂದು ಕರೆದರೂ ಅದು ಅಣೆಕಟ್ಟು. ಅಣೆಯ ಮೇಲಿಂದ ಬಿದ್ದ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ. ರಂಗನತಿಟ್ಟಿನ ಆಸುಪಾಸಿನಲ್ಲಿ ಮೊಸಳೆಗಳಿವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಂತೂ ಬೇಡವೇ ಬೇಡ, ಗಾರೆಯ ಇಳಿಜಾರಿನಲ್ಲಿ ಹತ್ತಿ ಬರಲು ಹಿಡಿತವೇ ಸಿಗದು.

ಹಾಗಾದರೆ ಎಲ್ಲಿ? ಜನವರಿ, ಫೆಬ್ರವರಿಯಲ್ಲಿ, ಬೆಳಗಿನ ಹೊತ್ತು, ಮರಳು ಅಥವಾ ಸಣ್ಣ ಜಲ್ಲಿಯ ತಳವಿರುವ ಒಂದು ಚಿಕ್ಕ ಹಳ್ಳ. ಮಂಡ್ಯದ ಹಳ್ಳಗಳಲ್ಲಿ ಗದ್ದೆಯ ಬಸಿನೀರು ಹರಿಯುವುದರಿಂದ, ನಾಲೆಗೆ ಕಟ್ಟು ನೀರು (ಸರದಿಯಂತೆ ಬಿಡುವ ನೀರು) ಬಿಟ್ಟ ದಿನ ಅವೂ ಏರುತ್ತವೆ; ಸರದಿ ಯಾವಾಗ ಎಂದು ಆ ಊರಿನ ರೈತರನ್ನು ಕೇಳಿ. ಕಾವೇರಿಯನ್ನೇ ತೋರಿಸಬೇಕೆಂದಿದ್ದರೆ ದಡದಿಂದ ತೋರಿಸಿ: ಕಿತ್ತಳೆ ಹಣ್ಣಿನ ವೇಗ, ದಡದ ಸವೆತ, ಕಲ್ಲುಗಳ ದುಂಡಗಿನ ಅಂಚು, ಎಲ್ಲವೂ ಮೇಲಿನಿಂದಲೇ ಆಗುತ್ತದೆ.

ಇನ್ನು ಹೊರಡುವ ಮುಂಚೆ ಬರೆದಿಡುವ ಅಪಾಯದ ಪಟ್ಟಿ. ಸಂಭವಕ್ಕೆ 1ರಿಂದ 5, ಪರಿಣಾಮಕ್ಕೆ 1ರಿಂದ 5 ಅಂಕ ಕೊಟ್ಟು ಗುಣಿಸುವ ಕ್ರಮ ಗೊತ್ತಿರಬಹುದು. ಕೆಡುವುದು ಪರಿಹಾರದ ಕಾಲಮ್ಮಿನಲ್ಲಿ. ‘ಪಾಚಿ ಮೆಟ್ಟಿಲಲ್ಲಿ ಜಾರಿ ಬೀಳುವುದು: 4 × 5 = 20’ ಎಂದು ಬರೆದು ಪಕ್ಕದಲ್ಲಿ ‘ಮಕ್ಕಳಿಗೆ ಎಚ್ಚರಿಕೆ ನೀಡಲಾಗುವುದು’ ಎಂದು ಬರೆದರೆ 20 ಇಪ್ಪತ್ತಾಗಿಯೇ ಉಳಿಯುತ್ತದೆ. ‘ನೀರಂಚಿನಿಂದ 3 ಮೀಟರ್ ಹಿಂದೆ ಹಗ್ಗ ಕಟ್ಟುವುದು, ಒಮ್ಮೆಗೆ ನಾಲ್ವರೇ ದಾಟುವುದು, ಲೈಫ್ ಜಾಕೆಟ್ ಹಾಕಿದವರಷ್ಟೇ, ಜೊತೆಗೆ ಇಂಥ ಶಿಕ್ಷಕರು’ ಎಂದಿದ್ದರೆ ಸಂಭವ 1ಕ್ಕೆ ಇಳಿಯುತ್ತದೆ. ಪರಿಣಾಮದ 5 ಹಾಗೇ ಇರುತ್ತದೆ, ಅದನ್ನು ತಿದ್ದಿ ಕಡಿಮೆ ತೋರಿಸಬೇಡಿ. ಯಾರು, ಯಾವಾಗ, ಯಾವ ವಸ್ತುವಿನಿಂದ ಎಂಬುದಿಲ್ಲದ ಸಾಲನ್ನು ಹೊಡೆದುಹಾಕಿ. ರಸ್ತೆ ದಾಟುವುದೂ ಪಟ್ಟಿಯಲ್ಲಿರಲಿ. ಸೇತುವೆಯಡಿ, ಮರದಲ್ಲಿ ಹೆಜ್ಜೇನಿದೆಯೇ ಎಂದು ಹಿಂದಿನ ವಾರವೇ ಹೋಗಿ ನೋಡಿ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದೂ.

40 ಮಕ್ಕಳಿಗೆ ಕನಿಷ್ಠ ಐದು ಮಂದಿ ದೊಡ್ಡವರು, ಅವರಲ್ಲಿ ಒಬ್ಬರಿಗೆ ತಲೆ ಎಣಿಸುವುದೊಂದೇ ಕೆಲಸ. ಇನ್ನೊಬ್ಬರು ಕೆಳಹರಿವಿನ ಕಡೆ 15ರಿಂದ 20 ಮೀಟರ್ ಹಗ್ಗ ಹಿಡಿದು ನಿಲ್ಲಲಿ. ನೈಲಾನ್ ಹಗ್ಗ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ತುದಿಗೆ ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನ್ ಕಟ್ಟಿದರೆ ಎಸೆಯಲು ಸುಲಭ. ಹಗ್ಗವನ್ನು ಮಗುವಿನ ಸೊಂಟಕ್ಕೆ ಎಂದಿಗೂ ಕಟ್ಟಬೇಡಿ: ಎಲ್ಲಾದರೂ ಸಿಕ್ಕಿಕೊಂಡರೆ ಅದೇ ಮಗುವನ್ನು ನೀರೊಳಗೆ ಹಿಡಿದಿಡುತ್ತದೆ. ಲೈಫ್ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಮೇಲೆತ್ತಿ ನೋಡಿ, ಗಲ್ಲ ದಾಟಿ ಬಂದರೆ ಅದು ಸಡಿಲ. ಹವಾಯಿ ಚಪ್ಪಲಿ ಬೇಡ, ಬರಿಗಾಲೂ ಬೇಡ (ದಡದಲ್ಲಿ ಬಾಟಲಿ ಚೂರು ಇದ್ದೇ ಇರುತ್ತದೆ), ಲೇಸ್ ಕಟ್ಟಿದ ಹಳೆಯ ಶೂ ಇರಲಿ. ವೇಲು, ಸೀರೆ ನೀರಿನಲ್ಲಿ ಎಳೆಯುತ್ತವೆ. ಇದು ಮೇಡಂಗಳಿಗೂ ಅನ್ವಯ.

ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋಗುವುದು ಹಾಗೆಯೇ. ಕೋಲು ಚಾಚಿ, ಹಗ್ಗ ಎಸೆಯಿರಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಹೊರಗೆ ತೆಗೆದ ಮಗು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗದೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕು. ಇದನ್ನು ಕಲಿತ ಒಬ್ಬರಾದರೂ ಜೊತೆಗಿರಲಿ.

ಗದ್ದೆ ಬಯಲಿನ ನೀರಿನಲ್ಲಿ ಇಲಿಯ ಮೂತ್ರದಿಂದ ಇಲಿ ಜ್ವರ ಬರುವ ಸಾಧ್ಯತೆ ಇದೆ. ತರಚು ಗಾಯಕ್ಕೆ ನೀರು ಹೋಗದ ಪ್ಲಾಸ್ಟರ್ ಹಾಕಿಸಿ, ಬುತ್ತಿ ಬಿಚ್ಚುವ ಮುಂಚೆ ಸೋಪಿನಲ್ಲಿ ಕೈ ತೊಳೆಸಿ. ಪೋಷಕರ ಒಪ್ಪಿಗೆ ಪತ್ರದ ಕೊನೆಗೆ ಒಂದು ಸಾಲು ಸೇರಿಸಿ: ಪ್ರವಾಸವಾದ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು ಬಂದರೆ, ಮಗು ಹೊಳೆ ನೀರಿಗೆ ಇಳಿದಿತ್ತು ಎಂದು ಡಾಕ್ಟರಿಗೆ ತಿಳಿಸಿ.