ಬಿದ್ದಿದ್ದನ್ನ ಬರೆದವಳಿಗೇ ಮಾರ್ಕ್ಸ್ ಕಟ್

ಮಾರ್ಚ್ ಬಂತು ಅಂದ್ರೆ ನಮ್ಮಂಥ ನರ್ಸಿಂಗ್ ಇನ್‌ಚಾರ್ಜ್‌ಗಳ ಟೇಬಲ್ ಮೇಲೆ ಸ್ಟಾಫ್ ಕೆಲಸಕ್ಕೆ ಮಾರ್ಕ್ಸ್ ಹಾಕೋ ಅಪ್ರೈಸಲ್ ಫಾರ್ಮ್‌ಗಳ ರಾಶಿ. ಟೈಮಿಗೆ ಬರ್ತಾರಾ, 5ಕ್ಕೆ ಎಷ್ಟು. ನಡವಳಿಕೆ, 5ಕ್ಕೆ ಎಷ್ಟು. ಹಿಂದೆ ನಾನಿದ್ದ ಒಂದು ವೃದ್ಧಾಶ್ರಮದಲ್ಲಿ (ಹೆಸರು ಬೇಡ ಬಿಡಿ) ಒಂದೇ ಮಧ್ಯಾಹ್ನ ಕೂತು ಎಲ್ಲಾ ಫಾರ್ಮ್ ತುಂಬಿ ಬಿಸಾಕಿದ್ದೀನಿ, ಸುಮ್ಮನೆ ಇರೋರಿಗೆ 4, ಎದುರು ಮಾತಾಡೋರಿಗೆ 2, ಸುಳ್ಳು ಯಾಕೆ ಹೇಳ್ಲಿ.

ಆ ವರ್ಷ ಮೇಲಿನ ಫ್ಲೋರ್ ನೈಟ್ ಡ್ಯೂಟಿ ಸಿಸ್ಟರ್ ಒಬ್ಬಳು ಇನ್ಸಿಡೆಂಟ್ ರಿಜಿಸ್ಟರ್‌ನಲ್ಲಿ 11 ಎಂಟ್ರಿ ಬರೆದಿದ್ಲು. ಅಜ್ಜಿ ಬೆಳಗಿನ ಜಾವ ಬಾತ್‌ರೂಮಲ್ಲಿ ಜಾರಿದ್ರು, ಬಿಪಿ ಮಾತ್ರೆ ಒಂದು ಗಂಟೆ ಲೇಟ್ ಆಯ್ತು, ಹೀಗೆ. ಕೆಳಗಿನ ಫ್ಲೋರ್‌ನದ್ದು ಸೊನ್ನೆ. ನಾನೇನ್ ಮಾಡ್ದೆ? ಇವಳ ಮಾರ್ಕ್ಸ್ ಕಟ್, ಕೆಳಗಿನವಳಿಗೆ ಇಂಕ್ರಿಮೆಂಟ್.

ಎರಡು ತಿಂಗಳಾದ್ಮೇಲೆ ಕೆಳಗಿನ ಫ್ಲೋರ್‌ನಲ್ಲಿ ಹಾಸಿಗೆ ಹಿಡಿದಿದ್ದ ತಾತ ಒಬ್ರನ್ನ ಮಗ್ಗುಲು ತಿರುಗಿಸಿ ನೋಡಿದ್ರೆ ಸೊಂಟದ ಕೆಳಗೆ, ಮೂಳೆ ಉಬ್ಬಿರೋ ಜಾಗದಲ್ಲಿ, ಕೆಂಪು ಮಚ್ಚೆ, ಬೆರಳಿಂದ ಒತ್ತಿದ್ರೂ ಬೆಳ್ಳಗಾಗ್ತಿಲ್ಲ. ಬೆಡ್ ಸೋರ್, ಅಂದ್ರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗೋ ಹುಣ್ಣು, ಶುರುವಾಗೋದೇ ಹಾಗೆ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ ಟಿಕ್ ಹಾಕೋ ಚಾರ್ಟ್ ತೆಗೆದೆ. ರಾತ್ರಿ 8, 10, 12, 2, 4, 6, ಎಲ್ಲಾ ಕಡೆ ಟಿಕ್ ಇದೆ. ಆದ್ರೆ ಆರೂ ಟಿಕ್ ಒಂದೇ ಪೆನ್ನು, ಒಂದೇ ಓರೆ, ಒಂದೇ ಉಸಿರಲ್ಲಿ ಎಳೆದಿದ್ದು. ಸೊನ್ನೆ ಎಂಟ್ರಿ ಯಾಕಿತ್ತು ಅಂತ ಆಗ ಅರ್ಥ ಆಯ್ತು.

ಇದು ನನ್ನೊಬ್ಬಳ ಕಥೆ ಅಲ್ಲ. ಏಮಿ ಎಡ್ಮಂಡ್ಸನ್ ಅನ್ನೋ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳ ನರ್ಸಿಂಗ್ ಟೀಮ್‌ಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳನ್ನ ಲೆಕ್ಕ ಹಾಕಿದ್ರು. ಒಳ್ಳೆ ಟೀಮ್‌ನಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡಿದ್ರು, ಬಂದಿದ್ದು ಉಲ್ಟಾ, ದಾಖಲಾದ ತಪ್ಪು ಒಳ್ಳೆ ಟೀಮ್‌ಗಳಲ್ಲೇ ಜಾಸ್ತಿ. ಕಾರಣ, ಅಲ್ಲಿ ಹೇಳ್ಕೊಳ್ಳೋಕೆ ಹೆದರಿಕೆ ಇರ್ಲಿಲ್ಲ. 1996ರಲ್ಲಿ ಪ್ರಕಟ ಆದ ಕೆಲಸ, ನಮ್ಮ ಫಾರ್ಮ್‌ಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಆಮೇಲೆ ಆ ಟಿಕ್ ಹಾಕಿದ ಸಿಸ್ಟರ್‌ನ ಕರೆದು ಬೈಯೋಕೆ ಹೊರಟವಳು ರೋಸ್ಟರ್ ನೋಡಿ ಸುಮ್ಮನಾದೆ. ರಾತ್ರಿ ಆ ಫ್ಲೋರ್‌ಗೆ ಅವಳೊಬ್ಬಳೇ. ಎದ್ದು ಕೂರಲಾಗದ ದಪ್ಪ ಮನುಷ್ಯನ್ನ ಒಬ್ಬಳೇ ತಿರುಗಿಸೋಕೆ ಹೋದ್ರೆ ಎಳೆದಾಡಬೇಕಾಗುತ್ತೆ, ಎಳೆದ್ರೆ ಚರ್ಮ ಹಾಸಿಗೆಗೆ ಉಜ್ಜಿ ಗಾಯ ಇನ್ನೂ ಬೇಗ ಆಗುತ್ತೆ, ಇವಳ ಸೊಂಟಾನೂ ಹೋಗುತ್ತೆ. ಕೆಳಗೆ ಬೆಡ್‌ಶೀಟ್ ಮಡಚಿ ಹಾಕಿ ಎರಡೂ ಕಡೆ ಇಬ್ರು ಹಿಡಿದು ಎತ್ತಿ ತಿರುಗಿಸೋ ಕೆಲಸ ಅದು. ಆ ರೋಸ್ಟರ್ ಬರೆದಿದ್ದು ನಾನು. ನನ್ನ ಅಪ್ರೈಸಲ್‌ನಲ್ಲಿ ಆ ಕಾಲಂ ಇರ್ಲಿಲ್ಲ ಅಷ್ಟೆ.

ಈಗ ವರ್ಷಕ್ಕೊಂದ್ಸಲ ಫಾರ್ಮ್ ಅಂತ ಕಾಯಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಮಾತು, ಅದಕ್ಕೂ ಮೊದಲು ಅವರು ಮಾಡೋ ಒಂದು ಕೆಲಸ ಪಕ್ಕದಲ್ಲೇ ನಿಂತು ನೋಡ್ತೀನಿ. ಊಟ ಮಾಡಿಸೋದನ್ನೇ ತಗೊಳ್ಳಿ. ಕೂರಿಸಿ ತಿನ್ನಿಸ್ತಾರಾ, ಒಂದು ತುತ್ತು ನುಂಗಿದ್ದು ಖಾತ್ರಿ ಆದ್ಮೇಲೆ ಇನ್ನೊಂದು ಕೊಡ್ತಾರಾ, ತಿಂದ ತಕ್ಷಣ ಮಲಗಿಸಿಬಿಡ್ತಾರಾ, ತಿನ್ನಿಸುವಾಗ ಕಣ್ಣು ಅಜ್ಜಿ ಮುಖದ ಮೇಲಿದ್ಯಾ ಮೊಬೈಲ್ ಮೇಲಿದ್ಯಾ. ಐದು ನಿಮಿಷದಲ್ಲಿ ಗೊತ್ತಾಗೋದು ಫಾರ್ಮ್‌ನ ಐದು ಪುಟದಲ್ಲಿ ಗೊತ್ತಾಗಲ್ಲ.

ಇನ್ನೊಂದು, ಡ್ಯೂಟಿ ಚೇಂಜ್ ಆಗುವಾಗ ಒಬ್ಬೊಬ್ಬ ಅಜ್ಜ ಅಜ್ಜಿ ಹೇಗಿದಾರೆ ಅಂತ ಮುಂದಿನವರಿಗೆ ಹೇಳಿ ಒಪ್ಪಿಸೋ ಹ್ಯಾಂಡೋವರ್‌ಗೆ ಆಯಾಗಳನ್ನೂ ಕರೀರಿ. ನಮ್ಮಲ್ಲಿ ಅವರನ್ನ ಹೊರಗೇ ನಿಲ್ಲಿಸ್ತಾರೆ. ಆದ್ರೆ "ಅಜ್ಜಿ ನಿನ್ನೆಯಿಂದ ಗಂಜಿ ಅರ್ಧಕ್ಕೇ ಬಿಡ್ತಾ ಇದಾರೆ ಮೇಡಂ, ಮಾತೂ ಕಮ್ಮಿ" ಅಂತ ಮೊದಲು ಹೇಳೋದು ಅವರೇ. ವಯಸ್ಸಾದವರಿಗೆ ಇನ್‌ಫೆಕ್ಷನ್ ಆದ್ರೆ ಎಷ್ಟೋ ಸಲ ಜ್ವರಕ್ಕಿಂತ ಮುಂಚೆ ಕಾಣೋದು ಇದೇ.

ಹಂಗಂತ ಎಲ್ಲದಕ್ಕೂ ಮಾಫಿ ಅಂತಲ್ಲ. ಮರೆತಿದ್ದು, ಜಾರಿದ್ದು, ಲೇಟ್ ಆಗಿದ್ದು ಬೇರೆ. ಚಿವುಟಿದ್ದು, ಬೈದಿದ್ದು, ಒದ್ದೆ ಡೈಪರ್‌ನಲ್ಲಿ ಬೇಕಂತಲೇ ಬಿಟ್ಟಿದ್ದು ಬೇರೆ. ಅದಕ್ಕೆ ಹತ್ತು ನಿಮಿಷದ ಮಾತೂ ಇಲ್ಲ, ಅವತ್ತೇ ಡ್ಯೂಟಿಯಿಂದ ಇಳಿಸಿ, ವಿಚಾರಣೆ ಮಾಡಿ, ಮನೆಯವರಿಗೆ ಫೋನ್ ಮಾಡಿ ಹೇಳ್ತೀನಿ.