ತಲೆಪೆಟ್ಟಿಗೆ ರಕ್ತಪರೀಕ್ಷೆ: ನೆಗೆಟಿವ್ ಬಂದರೆ ಏನರ್ಥ?

ಬೈಕಿನಿಂದ ಬಿದ್ದವರು ಎಷ್ಟೋ ಸಲ ನಡೆದುಕೊಂಡೇ ಕ್ಯಾಶುವಾಲಿಟಿಗೆ ಬರುತ್ತಾರೆ. ಹೆಸರು, ಊರು ಸರಿಯಾಗಿಯೇ ಹೇಳುತ್ತಾರೆ. ತಲೆನೋವಿದೆ, ಒಮ್ಮೆ ವಾಂತಿಯಾಗಿದೆ. ತಲೆಬುರುಡೆಯೊಳಗೆ ರಕ್ತ ಸೋರುತ್ತಿದೆಯೇ ಎಂಬುದು ಹೊರಗಿನಿಂದ ಗೊತ್ತಾಗದು. ಇಂಥವರಿಗೆ ಸಿಟಿ ಸ್ಕ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸಲೆಂದೇ ಈ ರಕ್ತಪರೀಕ್ಷೆ ಬಂದದ್ದು. ಆದರೆ ಮೆದುಳಿಗೆ ಪೆಟ್ಟಾಗಿದೆಯೇ ಎಂದು ಹೇಳುವ ಪರೀಕ್ಷೆಯೆಂದೇ ಅದು ಹೆಸರಾಯಿತು. ಗೊಂದಲವೆಲ್ಲ ಶುರುವಾದದ್ದು ಅಲ್ಲಿಂದ.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯಿತು, 1974ರಲ್ಲಿ ಪ್ರಜ್ಞೆಯ ಮಟ್ಟಕ್ಕೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್ ಬಂತು. ಮುಂದಿನ ಹಲವು ದಶಕ ತಲೆಪೆಟ್ಟಿನ ಲೆಕ್ಕಾಚಾರ ನಡೆದದ್ದು ಇವೆರಡರ ಮೇಲೆಯೇ. ರಕ್ತದಲ್ಲಿ ಸುಳಿವು ಹುಡುಕಿದವರಿಗೆ ಮೊದಲು ಸಿಕ್ಕವುಗಳಲ್ಲಿ ನರಕೋಶಗಳಲ್ಲಿರುವ ಎನ್ಎಸ್ಇ ಎಂಬ ಪ್ರೋಟೀನ್ ಒಂದು. ಅದು ಕೆಂಪು ರಕ್ತಕಣಗಳಲ್ಲೂ ಇರುವುದರಿಂದ, ರಕ್ತ ತೆಗೆಯುವಾಗ ಕಣಗಳು ಒಡೆದರೆ ಫಲಿತಾಂಶ ಸುಳ್ಳೇ ಏರುತ್ತದೆ. ಎಸ್100ಬಿ ಎಂಬ ಇನ್ನೊಂದು ಪ್ರೋಟೀನ್ ಕೊಂಚ ಹೆಚ್ಚು ಬಾಳಿತು. 2013ರ ಸ್ಕ್ಯಾಂಡಿನೇವಿಯಾದ ಮಾರ್ಗಸೂಚಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು: ಪೆಟ್ಟಾದ 6 ಗಂಟೆಯೊಳಗೆ ತೆಗೆದ ರಕ್ತದಲ್ಲಿ ಲೀಟರಿಗೆ 0.10 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ, ಆಯ್ದ ರೋಗಿಗಳಿಗೆ ಸ್ಕ್ಯಾನ್ ಬಿಡಬಹುದು. ಆದರೆ ಕೊಬ್ಬಿನಿಂದಲೂ ಚರ್ಮದ ಬಣ್ಣದ ಕೋಶಗಳಿಂದಲೂ ಎಸ್100ಬಿ ಬರುತ್ತದೆ. ತಲೆಯ ಜೊತೆ ಕಾಲೂ ಮುರಿದಿದ್ದರೆ ಆ ಅಂಕಿಯನ್ನು ನಂಬುವುದು ಕಷ್ಟ.

ಆಗ ಗಮನ ಜಿಎಫ್ಎಪಿ, ಯುಸಿಎಚ್-ಎಲ್1 ಎಂಬ ಪ್ರೋಟೀನ್ ಜೋಡಿಯತ್ತ ಹೊರಳಿತು. ಮೊದಲನೆಯದು ನರಕೋಶಗಳಿಗೆ ಆಸರೆಯಾದ ಆಸ್ಟ್ರೊಸೈಟ್ ಕೋಶಗಳದು, ಎರಡನೆಯದು ನರಕೋಶಗಳದೇ. ಪೆಟ್ಟಾದ ಒಂದು ಗಂಟೆಯೊಳಗೇ ಎರಡೂ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಯುಸಿಎಚ್-ಎಲ್1 ಸುಮಾರು 8 ಗಂಟೆಗೆ ಶಿಖರ ಮುಟ್ಟಿ ಬೇಗ ಇಳಿದರೆ, ಜಿಎಫ್ಎಪಿ ಸುಮಾರು 20 ಗಂಟೆಯವರೆಗೂ ಏರುತ್ತದೆ. ಹೆಚ್ಚಿನ ಭಾರ ಹೊರುವುದು ಜಿಎಫ್ಎಪಿಯೇ.

ಅಮೆರಿಕ, ಜರ್ಮನಿ, ಹಂಗರಿಯ 22 ಕೇಂದ್ರಗಳಲ್ಲಿ ನಡೆದ ಅಲರ್ಟ್-ಟಿಬಿಐ ಅಧ್ಯಯನದ ಅಂಕಿಗಳನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಮಿಲಿಲೀಟರಿಗೆ ಜಿಎಫ್ಎಪಿ 22, ಯುಸಿಎಚ್-ಎಲ್1 327 ಪಿಕೊಗ್ರಾಂ ಎಂದು ಗೆರೆ ಎಳೆದರು. ಪಿಕೊಗ್ರಾಂ ಎಂದರೆ ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು. ಎರಡರಲ್ಲಿ ಒಂದು ಗೆರೆ ದಾಟಿದರೂ ಪಾಸಿಟಿವ್. 1959 ಜನರಲ್ಲಿ 671 ಮಂದಿ ನೆಗೆಟಿವ್. ಅವರಲ್ಲಿ ಸಿಟಿಯಲ್ಲಿ ಗಾಯ ಕಂಡದ್ದು ಮೂವರಿಗೆ ಮಾತ್ರ. ಪಾಸಿಟಿವ್ ಬಂದವರು 1288, ಆದರೆ ಇಡೀ ಗುಂಪಿನಲ್ಲಿ ಸಿಟಿಯಲ್ಲಿ ಗಾಯವಿದ್ದವರು 125 ಜನ. ಅಂದರೆ ನೆಗೆಟಿವ್‌ಗೆ ಇರುವ ತೂಕ ಪಾಸಿಟಿವ್‌ಗಿಲ್ಲ. ಈ ಆಧಾರದ ಮೇಲೆ 2018ರ ಫೆಬ್ರವರಿ 14ರಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು: 18 ತುಂಬಿದವರಿಗೆ, ಗ್ಲಾಸ್ಗೋ ಅಂಕ 13ರಿಂದ 15 ಇರುವವರಿಗೆ (ಅಂದರೆ ಪ್ರಜ್ಞೆ ಬಹುಪಾಲು ಸರಿಯಿರುವವರಿಗೆ), ಪೆಟ್ಟಾದ 12 ಗಂಟೆಯೊಳಗೆ.

ಗಮನಿಸಿ, ಪರೀಕ್ಷೆಯ ಒರೆಗಲ್ಲು ಸಿಟಿ. ಸಿಟಿಗೇ ಕಾಣದ ಗಾಯದ ಬಗ್ಗೆ ಈ ಗೆರೆಗಳು ಭರವಸೆ ಕೊಡುವುದಿಲ್ಲ. ಟ್ರ್ಯಾಕ್-ಟಿಬಿಐ ಎಂಬ ಇನ್ನೊಂದು ಅಧ್ಯಯನದ 2019ರ ವರದಿಯಲ್ಲಿ ಸಿಟಿ ಸರಿಯಿದ್ದ 450 ಜನರ ಪೈಕಿ 120 ಮಂದಿಗೆ ಎಂಆರ್‌ಐಯಲ್ಲಿ ಗಾಯ ಕಂಡಿತು. ಜಿಎಫ್ಎಪಿ ಅವರಲ್ಲೇ ಹೆಚ್ಚಿತ್ತು.

ಮೊದಲ ಪರೀಕ್ಷೆಗೆ 3ರಿಂದ 4 ಗಂಟೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಸ್ಕ್ಯಾನೇ ಮುಗಿದಿರುತ್ತಿತ್ತು. 2021ರಲ್ಲಿ ಕೈಯಲ್ಲಿ ಹಿಡಿಯುವ ಐ-ಸ್ಟಾಟ್ ಯಂತ್ರ ಅದನ್ನು 15 ನಿಮಿಷಕ್ಕೆ ಇಳಿಸಿತು. ಆದರೂ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅದರ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಬೇಕಿತ್ತು. 2024ರಲ್ಲಿ ಆ ಕೆಲಸವೂ ತಪ್ಪಿತು. ರಕ್ತನಾಳದಿಂದ ಇಡಿಟಿಎ ಟ್ಯೂಬಿಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ತೆಗೆದ ರಕ್ತವನ್ನು ಮೆಲ್ಲಗೆ ಮೇಲೆಕೆಳಗೆ ಮಾಡಿ ಬೆರೆಸಿ, ನೇರವಾಗಿ ಯಂತ್ರದೊಳಗೆ ಕೂರುವ ಪರೀಕ್ಷಾ ಕಾರ್ಟ್ರಿಜ್‌ಗೆ ಹಾಕಿದರಾಯಿತು. ಫಲಿತಾಂಶ ಬರುವವರೆಗೆ ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ಅಲುಗಾಡದಂತೆ ಇಡಬೇಕು. ಪೆಟ್ಟಾದ ಮೇಲೆ ಪರೀಕ್ಷೆ ಮಾಡಬಹುದಾದ ಅವಧಿಯೂ 24 ಗಂಟೆಗೆ ಹಿಗ್ಗಿತು. ಯಂತ್ರ ಬದಲಾದಂತೆ ಗೆರೆಯೂ ಬದಲಾಗುತ್ತದೆ, ಒಂದರ ಅಂಕಿಯನ್ನು ಇನ್ನೊಂದರ ಗೆರೆಗೆ ಹೋಲಿಸುವುದು ತಪ್ಪು. ವಯಸ್ಸಾದವರಲ್ಲಿ ಜಿಎಫ್ಎಪಿ ಸಹಜವಾಗಿಯೇ ಹೆಚ್ಚಿರುತ್ತದೆ, ಹಾಗಾಗಿ ಅವರಲ್ಲಿ ಸುಳ್ಳು ಪಾಸಿಟಿವ್ ಕೂಡ ಜಾಸ್ತಿ.

ಸ್ಕ್ಯಾನ್ ಯಂತ್ರ ಪಕ್ಕದ ಕೋಣೆಯಲ್ಲೇ ಇರುವ ಆಸ್ಪತ್ರೆಗಿಂತ, ರೋಗಿಯನ್ನು ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಬೇಕಾದ ತಾಲ್ಲೂಕು ಆಸ್ಪತ್ರೆಗೆ ಇದರ ಅಗತ್ಯ ಹೆಚ್ಚು. ಅಲ್ಲಿ ಇದು ನಡೆಯಬೇಕಾದರೆ ಕಾರ್ಟ್ರಿಜ್ ಇಡಲು ಕರೆಂಟ್ ಹೋಗದ ಫ್ರಿಜ್ ಬೇಕು. ನೆಗೆಟಿವ್ ಬಂದವರಿಗೂ ಚೀಟಿಯಲ್ಲಿ ಬರೆದುಕೊಡಬೇಕಾದ ಮಾತಿದೆ: ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಬೆಳಗಾಗಲಿ ಎಂದು ಕಾಯದೆ ವಾಪಸ್ ಬನ್ನಿ.